ತಲೆ ನನ್ನದು, ಬೆನ್ನು ಅವನದು

ಮಾರ್ಚ್, ಕಲೆಂಡೆಯ ಮರುದಿನ

"ನಿಮ್ಮ ತಮ್ಮನ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತು ಬಿತ್ತು. ಇನ್ನು ಗೋಡೆಗೆ ಹೇಳ್ಕೊಳ್ಳಿ" ಎಂದಳು ನನ್ನ ಹೆಂಡತಿ ಮಿರ್ತಾಲೆ. ಗೋಡೆಗೆ ಹೇಳಿದರೆ ಪಕ್ಕದ ಮನೆಯ ಅಗಸನಿಗೆ ಕೇಳಿಸುತ್ತದೆ. ಅದಕ್ಕೇ ಒಂದು ಹಳೆಯ ಸುರುಳಿ ಕೊಂಡು ತಂದೆ. ಮುಂದಿನ ಬದಿಯಲ್ಲಿ ಯಾರದೋ ಎಣ್ಣೆ ವ್ಯಾಪಾರದ ಮಾತು, ಹಿಂದಿನ ಬದಿ ಖಾಲಿ. ಆ ಖಾಲಿ ಬೆನ್ನಿನ ಮೇಲೆ ಬರೆಯುತ್ತಿದ್ದೇನೆ.

ಮೊದಲಿಗೆ ಇದನ್ನು ಬರೆದುಬಿಡುತ್ತೇನೆ: ಜೂನೋ ದೇವಿಯ ಗುಡಿಗೆ ಅಂಟಿಕೊಂಡ ಈ ಟಂಕಸಾಲೆಯಲ್ಲಿ ಬೆಳ್ಳಿ ನಾಣ್ಯದ ತಲೆಯ ಅಚ್ಚು ಕೆತ್ತುವವನು ನಾನು, ಜೋಪಿರಸ್. ದೇವಿಯ ಮುಖ, ಅವಳ ಮುಸುಕು, ಮುಸುಕಿನ ಹಿಂದೆ ಊರಿನ ಹೆಸರು ರೋಮಾ, ಎಲ್ಲ ನನ್ನ ಕೈಯದು. ಬೆನ್ನಿನ ಅಚ್ಚು ಯಾರು ಬೇಕಾದರೂ ಕೆತ್ತಬಹುದು. ಮುದುಕ ಬೆನ್ನುಗಾರ ಸತ್ತ ಮೇಲೆ ಮೇಸ್ತ್ರಿ ಹಿಲಾರಸ್ ನನ್ನನ್ನೇ ಕೇಳಿದ, "ನಿನ್ನ ಊರ ಕಡೆ ಯಾರಾದ್ರೂ ಇದ್ದಾರೇನಯ್ಯ?" ತಾರೆಂತಮ್‌ನಲ್ಲಿ ತಮ್ಮ ಇದ್ದಾನೆ ಎಂದೆ. ಈ ಬಾಯಿಯಿಂದಲೇ ಹೇಳಿದೆ.

ಲೈಸೋ ಬಂದ. ನನ್ನ ಬೆನ್ನಿಗೆ ಬಿದ್ದವನು, ಈಗ ನಾಣ್ಯದಲ್ಲೂ ಬೆನ್ನಿಗೆ ಬಿದ್ದಿದ್ದಾನೆ. ನಮ್ಮ ಮನೆಯಲ್ಲೇ ಮಲಗುತ್ತಾನೆ, ನಮ್ಮ ಮನೆಯಲ್ಲೇ ಉಣ್ಣುತ್ತಾನೆ. ಅಪ್ಪನ ಹಾಗೇ ಎಡಚ. ಸೊಂಟದಲ್ಲಿ ಅಪ್ಪನ ಉಳಿ ಸಿಕ್ಕಿಸಿಕೊಂಡು ಓಡಾಡುತ್ತಾನೆ. ಅಪ್ಪ ಸಾಯುವಾಗ ಅದನ್ನು ಅವನ ಕೈಗಿಟ್ಟನಂತೆ. ಹಿರಿಯ ಮಗ ನಾನು. ಉಳಿ ಅವನಿಗೆ.

ಇವತ್ತು ಹಿಲಾರಸ್ ಎಲ್ಲರೆದುರಿಗೆ ಹೇಳಿದ: ಜೂನ್ ಕಲೆಂಡೆ, ಎಂದರೆ ತಿಂಗಳ ಮೊದಲ ದಿನ, ನಮ್ಮ ದೇವಿಯ ಹಬ್ಬ, ಅವತ್ತು ಮುಂದಿನ ನಾಣ್ಯದ ತಲೆ ಯಾರಿಗೆ ಎಂದು ಹೊಸದಾಗಿ ತೀರ್ಮಾನ ಆಗುತ್ತದೆ. ಹೇಳುವಾಗ ಲೈಸೋ ಕಡೆ ನೋಡಿದ. ನಾನು ಕುರುಡನಲ್ಲ.

ಮಾರ್ಚ್, ತಿಂಗಳ ನಡುವಿನ ಐಡೆಗೆ ಐದು ದಿನ ಮೊದಲು

ಗುಡಿಯ ಹೆಬ್ಬಾತುಗಳಿಗೆ ನಾನು ಹನ್ನೆರಡು ವರ್ಷದಿಂದ ರೊಟ್ಟಿ ಚೂರು ಹಾಕುತ್ತಿದ್ದೇನೆ. ಈಗಲೂ ನನ್ನನ್ನು ಕಂಡರೆ ಕತ್ತು ಚಾಚಿ ಬುಸುಗುಡುತ್ತವೆ. ಲೈಸೋ ಬಂದರೆ ಅವನ ಹಿಂದೆ ಸಾಲಾಗಿ ನಡೆಯುತ್ತವೆ. ಅವನು ಏನೂ ಹಾಕುವುದಿಲ್ಲ.

ಮಿರ್ತಾಲೆಗೆ ಹೇಳಿದೆ. "ಬಾತುಕೋಳಿ ಮೇಲೂ ಹೊಟ್ಟೆಕಿಚ್ಚೇ?" ಎಂದು ನಕ್ಕಳು. ಅವನಿಗೆ ಗಿಣ್ಣಿನ ದೊಡ್ಡ ತುಂಡು ಬಡಿಸಿದಳು. ನನಗೆ ಅಂಚಿನದು.

ಮಾರ್ಚ್, ಐಡೆ ಕಳೆದು ಎರಡನೆಯ ದಿನ

ಈ ವರ್ಷದ ನಾಣ್ಯಾಧಿಕಾರಿ ಔಲಸ್ ಸೆರ್ವೀನಿಯಸ್ ಗಡ್ಡ ಸರಿಯಾಗಿ ಬಾರದ ಹುಡುಗ. ತನ್ನ ಹೆಸರಿನ ನಾಣ್ಯ ಎಂದರೆ ಅವನಿಗೆ ಮದುವೆಯ ಸಂಭ್ರಮ. ಅಚ್ಚುಗಳು ಅದಲುಬದಲಾಗಬಾರದು, ಕಳ್ಳತನವಾಗಬಾರದು ಎಂದು ಹೊಸ ಕಟ್ಟಳೆ ತಂದಿದ್ದಾನೆ. ಒಂದೊಂದು ಜೋಡಿ ಅಚ್ಚಿಗೂ ಒಂದೊಂದು ಜೋಡಿ ಗುರುತು ಇರಬೇಕು. ದೇವಿಯ ಗಲ್ಲದ ಕೆಳಗೆ ನಾನೊಂದು ಪುಟ್ಟ ವಸ್ತು ಕೆತ್ತಬೇಕು, ಬೆನ್ನಿನಲ್ಲಿ ಕುದುರೆ ರಥದ ಚಕ್ರದ ಕೆಳಗೆ ಲೈಸೋ ಅದಕ್ಕೆ ಜೊತೆಯಾದ ವಸ್ತು ಕೆತ್ತಬೇಕು. ಒಮ್ಮೆ ಬಂದ ಗುರುತು ಮತ್ತೆ ಬರಕೂಡದು.

ಒಳ್ಳೆಯದೇ ಆಯಿತು ಎಂದುಕೊಂಡೆ. ಕೇಳುವವನು ನಾನು, ಉತ್ತರ ಕೊಡುವವನು ಅವನು. ಯಾರು ದೊಡ್ಡವರು ಎಂದು ನಾಣ್ಯ ಹಿಡಿದವರಿಗೆಲ್ಲ ಗೊತ್ತಾಗುತ್ತದೆ.

ಮೊದಲ ಸಲ ಕತ್ತೆ ಕೆತ್ತಿದೆ. ಯಾರನ್ನು ಕುರಿತು ಎಂದು ಅವನಿಗೆ ತಿಳಿಯಲಿ ಎಂದೇ. ಅವನು ಬೀಸುಕಲ್ಲು ಕೆತ್ತಿಕೊಂಡು ಬಂದು, "ದುಡಿಯೋದು ಕತ್ತೆ ಅಣ್ಣ, ಹಿಟ್ಟು ತಿನ್ನೋದು ಬೇರೆಯವರು" ಎಂದ. ಎಲ್ಲ ನಕ್ಕರು. ಅದು ಬೈಗುಳವೋ ಹೊಗಳಿಕೆಯೋ ಇನ್ನೂ ತಿಳಿದಿಲ್ಲ.

ಎರಡನೆಯದು ಹುಂಜ. ಹೇಂಟೆ ಕೆತ್ತುತ್ತಾನೆ ಎಂದು ಎಲ್ಲರೂ ಕಾದರು. ಅವನು ಕೆತ್ತಿದ್ದು ಒಂದು ಚಪ್ಪಲಿ. ನಸುಕಿನಲ್ಲಿ ಕೂಗುವ ಹುಂಜಕ್ಕೆ ಹಾಸಿಗೆಯಿಂದ ಎಸೆಯುವ ಚಪ್ಪಲಿ. ಸುತ್ತಿಗೆ ಹೊಡೆಯುವ ಗುತ್ತಾನಿಗೆ ಅರ್ಧ ಕಿವುಡು, ಮಾತೆಲ್ಲ ಅರಚಾಟ. "ಇವನಿಗೆ ತಲೆ ಇದೆ ಕಣೋ!" ಎಂದು ಸಾಲೆ ಅದುರುವಂತೆ ಕೂಗಿದ. ತಲೆ ನನ್ನದು ಎಂದು ನಾನು ಹೇಳಿದ್ದು ಅವನಿಗೆ ಕೇಳಿಸಲಿಲ್ಲ.

ಏಪ್ರಿಲ್, ಕಲೆಂಡೆ

ಲೈಸೋ ಇವತ್ತು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ. ನಾನು ಊರ ಹೆಸರು ಕೊರೆಯುತ್ತಿದ್ದೆ. ನಮ್ಮ ಕಸುಬಿನಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೆತ್ತಬೇಕು, ಆಗಲೇ ನಾಣ್ಯದ ಮೇಲೆ ಸರಿಯಾಗಿ ಮೂಡುತ್ತದೆ. ನೆಟ್ಟಗೆ ಬರೆದವನೇ ಇಲ್ಲಿ ತಪ್ಪಿತಸ್ಥ.

"ಅಣ್ಣ, ಲ್ಯಾಟಿನ್‌ನಲ್ಲಿ ರೋಮಾ ಅನ್ನೋ ನಾಲ್ಕು ಅಕ್ಷರ ಹಿಂದಿನಿಂದ ಓದಿದ್ರೆ ಆಮೋರ್ ಆಗುತ್ತೆ ಅಲ್ವಾ. ಊರು ಹೋಗಿ ಪ್ರೀತಿ. ದಿನಾ ಬೆಳಗಾದ್ರೆ ಅಚ್ಚಿನ ಮೇಲೆ ಪ್ರೀತಿ ಪ್ರೀತಿ ಅಂತ ಕೆತ್ತೋನು ನೀನು, ಮುಖ ನೋಡಿದ್ರೆ ಹುಳಿ ದ್ರಾಕ್ಷಿ."

"ಕೆಲಸ ನೋಡ್ಕೋ ಹೋಗು" ಎಂದೆ. ಲ್ಯಾಟಿನ್ ಕಲಿತು ನಾಲ್ಕು ದಿನವಾಗಿಲ್ಲ, ನನಗೇ ಅದರಲ್ಲಿ ಚೇಷ್ಟೆ ಮಾಡುತ್ತಾನೆ. ಈ ಚೇಷ್ಟೆ ಇಷ್ಟು ವರ್ಷ ನನಗೆ ಯಾಕೆ ಹೊಳೆಯಲಿಲ್ಲ ಎಂದು ಉಂಡ ಮೇಲೂ ಯೋಚಿಸಿದೆ.

ಏಪ್ರಿಲ್, ಮೊದಲ ವಾರದ ನೋನೆ ಕಳೆದ ಮೇಲೆ

ಬೆಳಗಾದರೆ ಸಾಲೆಯವರೆಲ್ಲ ಅವನ ಮಣೆಯ ಸುತ್ತ. ಊದುವವರು ಒಲೆ ಬಿಟ್ಟು ಬರುತ್ತಾರೆ, ತೂಕದವನು ತಕ್ಕಡಿ ಬಿಟ್ಟು ಬರುತ್ತಾನೆ. ಪ್ರಶ್ನೆ ನನ್ನದು, ಜನ ಕಾಯುವುದು ಉತ್ತರಕ್ಕೆ. ನಾನು ದೀಪ ಕೆತ್ತಿದೆ, ಅವನು ಪತಂಗ ಕೆತ್ತಿದ. ನಾನು ಬೀಗದ ಕೈ ಇಟ್ಟೆ, ಅವನು ಮಲಗಿದ ನಾಯಿ ಇಟ್ಟ. ಚಾವಟಿಗೆ ಕುದುರೆ. ಆ ಕುದುರೆಯ ಮೂಗಿನ ಹೊಳ್ಳೆ ಸಹ ಕಾಣುತ್ತಿತ್ತು, ಸಾಸಿವೆ ಕಾಳಿನಷ್ಟು ಜಾಗದಲ್ಲಿ.

ನಿನ್ನೆ ಇಡೀ ದಿನ ಯೋಚಿಸಿ ಮೊಟ್ಟೆ ಕೆತ್ತಿದೆ. ಹುಂಜ ಬಂದು ಹೋಗಿದೆ, ಹೇಂಟೆ ಕೆತ್ತಿದರೆ ಅದೇ ಜಾತಿ ಮತ್ತೆ ಬಂತೆಂದು ಹಿಲಾರಸ್ ಒಪ್ಪುವುದಿಲ್ಲ. ಈಗೇನು ಮಾಡುತ್ತೀಯಪ್ಪ ಎಂದು ಕೂತೆ. ಅವನು ಊಟದ ಹೊತ್ತಿಗೇ ಮುಗಿಸಿದ್ದ: ಸುತ್ತಿ ಮಲಗಿದ ಹಾವು, ತಲೆ ಸ್ವಲ್ಪ ಎತ್ತಿದೆ.

ಹಿಲಾರಸ್ ನಗುವವನಲ್ಲ. ಹಾವನ್ನು ನೋಡಿ ಅವನ ಮೀಸೆಯ ಒಂದು ತುದಿ ಮೇಲೆ ಹೋಯಿತು. ಹನ್ನೆರಡು ವರ್ಷದಲ್ಲಿ ನನ್ನ ಕೆಲಸ ನೋಡಿ ಆ ತುದಿ ಒಮ್ಮೆಯೂ ಅಲ್ಲಾಡಿಲ್ಲ.

ಹೊಟ್ಟೆ ಉರಿಯುತ್ತಿದೆ. ಬರೆದುಕೊಳ್ಳಲು ನಾಚಿಕೆ ಏನು, ಉರಿಯುತ್ತಿದೆ.

ಏಪ್ರಿಲ್, ಕುರುಬರ ಹಬ್ಬದ ದಿನ

ಸಂತೆಗೆ ಹೋಗಿದ್ದೆ. ಮೀನು ಮಾರುವವಳು ನಮ್ಮ ಹೊಸ ನಾಣ್ಯ ತೆಗೆದುಕೊಂಡು ತಲೆಯ ಕಡೆ ನೋಡಲೇ ಇಲ್ಲ, ಸರಕ್ಕನೆ ತಿರುಗಿಸಿದಳು. "ಈ ಸಲದ ಕುದುರೆ ನೋಡಿ, ಬಿಟ್ರೆ ಓಡಿಹೋಗ್ತವೆ. ಇದರಡಿ ಏನು ಬಂತು? ಓ, ಹಾವು" ಎಂದಳು.

"ಮುಂದೆ ದೇವಿ ಇದ್ದಾಳೆ, ನೋಡು" ಎಂದೆ.

"ದೇವಿ ಯಾವಾಗ್ಲೂ ಇರ್ತಾಳಲ್ಲ" ಎಂದಳು.

ಮೀನು ಕೊಳ್ಳದೆ ಬಂದೆ. ಮನೆಯಲ್ಲಿ ಮಿರ್ತಾಲೆಯೂ ಲೈಸೋನೂ ಕೂತು ಅವರೆ ಸುಲಿಯುತ್ತ ನಗುತ್ತಿದ್ದರು. ನಾನು ಒಳಗೆ ಬಂದೊಡನೆ ನಗು ನಿಂತಿತು. ನಿಲ್ಲದಿದ್ದರೂ ನನಗೆ ಸಿಟ್ಟು ಬರುತ್ತಿತ್ತು, ನಿಂತದ್ದಕ್ಕೆ ಇನ್ನೂ ಬಂತು.

"ಏನದು ನಗೆ?"

"ನೀನು ಚಿಕ್ಕೋನಾಗಿದ್ದಾಗ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಸಮುದ್ರಕ್ಕೆ ಹೋಗಿದ್ದೆಯಲ್ಲ ಅಣ್ಣ, ಏಡಿ ಕಚ್ಚಿದ್ದು. ಅದನ್ನ ಅತ್ತಿಗೆಗೆ ಹೇಳ್ತಿದ್ದೆ."

ಏಡಿ ಕಚ್ಚಿದ್ದು ನನ್ನ ಕಾಲಿಗೆ. ಅತ್ತದ್ದು ಅವನು. ಅಮ್ಮ ಸಮಾಧಾನ ಮಾಡಿದ್ದೂ ಅವನನ್ನೇ.

ಮೇ, ಕಲೆಂಡೆ

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ನಾವು ಹುಟ್ಟುವಾಗಲೂ ಅಷ್ಟಕ್ಕಷ್ಟೇ.

ಸೆರ್ವೀನಿಯಸ್ ಇವತ್ತು ಸಾಲೆಗೆ ಬಂದಿದ್ದ. ನನ್ನ ಹೊಸ ಅಚ್ಚಿನ ಮೇಲೆ ಕಣ್ಣಾಡಿಸಿದ. ಲೈಸೋನ ಹೆಗಲ ಮೇಲೆ ಕೈ ಹಾಕಿ, "ಮುಂದಿನ ಸಲ ಇವನ ಕೈಯಲ್ಲಿ ದೇವಿ ಹೇಗಿರ್ತಾಳೆ ನೋಡ್ಬೇಕು" ಎಂದ. ಹಿಲಾರಸ್ ಹೂಂಗುಟ್ಟಿದ. ಲೈಸೋ ಮಾತ್ರ, "ತಲೆ ಅಣ್ಣಂದು, ಸ್ವಾಮಿ. ನನಗೆ ಬೆನ್ನೇ ಚೆನ್ನಾಗಿದೆ" ಎಂದ. ಎಂಥ ನಾಟಕ. ಬೇಡ ಎನ್ನುವವನಿಗೇ ಎಲ್ಲರೂ ಒತ್ತಾಯ ಮಾಡಿ ಬಡಿಸುತ್ತಾರೆ ಎಂದು ಚಿಕ್ಕಂದಿನಿಂದ ಅವನಿಗೆ ಗೊತ್ತು.

ಹುಡುಗ ಹೊರಟಾಗ ಅವನ ಬೆನ್ನ ಹಿಂದೆ ಗುತ್ತಾ ತನ್ನ ಪ್ರಕಾರ ಪಿಸುಗುಟ್ಟಿದ, ಎಂದರೆ ಅರ್ಧ ಬೆಟ್ಟಕ್ಕೆ ಕೇಳಿಸುವಂತೆ: "ಹೇಸರಗತ್ತೆಯವನ ಮೊಮ್ಮಗ!" ಸೆರ್ವೀನಿಯಸನ ಕತ್ತು ಕೆಂಪಾಯಿತು. ಅವನ ತಾತ ಹೇಸರಗತ್ತೆ ಹೊಡೆಯುತ್ತಿದ್ದವನು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಹೋದ ವರ್ಷ ನಾಟಕದ ನಟನೊಬ್ಬ ಹೇಸರಗತ್ತೆಯ ಹಾಗೆ ಕೆನೆದದ್ದಕ್ಕೆ ಹುಡುಗ ಅವನನ್ನು ಊರು ಬಿಡಿಸಿದ. ಲೈಸೋ ಆಗ ಒಲೆಯ ಹತ್ತಿರ ಇದ್ದ, ಕೇಳಿಸಿರಲಿಕ್ಕಿಲ್ಲ. ಊರಿಗೆ ಹೊಸಬ, ಆ ಕತೆ ಅವನಿಗೆ ಗೊತ್ತಿಲ್ಲ.

ಗೊತ್ತಿಲ್ಲ.

ಮೇ, ಮರುದಿನ

ಕತ್ತೆ ಬಂದು ಹೋಗಿದೆ. ಕುದುರೆ ಬಂದು ಹೋಗಿದೆ. ನಾನು ಕಡಿವಾಣ ಕೆತ್ತಿದರೆ ಅವನು ಏನು ಕೆತ್ತುತ್ತಾನೆ? ಬಾಯಿಗೆ ಕಡಿವಾಣ ಹಾಕಿಸಿಕೊಳ್ಳುವ ಪ್ರಾಣಿ ಇನ್ನು ಉಳಿದಿರುವುದು ಒಂದೇ.

ಸೆರ್ವೀನಿಯಸನ ಸ್ವಂತ ನಾಣ್ಯದ ಮೇಲೆ, ಅವನ ಹೆಸರಿನ ಪಕ್ಕದಲ್ಲೇ, ಹೇಸರಗತ್ತೆ. ಕೆತ್ತಿದವನು ಎಡಚ ಲೈಸೋ. ನಾನು ಬರೀ ಕಡಿವಾಣ ಕೆತ್ತಿದವನು. ನನ್ನದೇನು ತಪ್ಪು?

ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮೇ, ನೋನೆಗೆ ಎರಡು ದಿನ ಮೊದಲು

ಕಡಿವಾಣದ ಅಚ್ಚು ಮುಗಿಯಿತು. ಕಡಿವಾಣದ ಎರಡು ಬಳೆ, ನಡುವೆ ಕೀಲು, ಏನೂ ಬಿಟ್ಟಿಲ್ಲ. ಇಂಥ ಹುರುಪಿನಲ್ಲಿ ನಾನು ಯಾವತ್ತೂ ಕೆತ್ತಿಲ್ಲ. ಊರ ಹೆಸರಂತೂ ಹೇಗೆ ಬಂತೋ ಗೊತ್ತಿಲ್ಲ, ಈ ಸುರುಳಿಯ ಮೇಲೆ ಬರೆದಷ್ಟೇ ಸಲೀಸಾಗಿ ಬಂತು. ಸಂಜೆ ಅಚ್ಚನ್ನೂ, ಅದರ ಸೀಸದ ಬಿಲ್ಲೆಯನ್ನೂ ಲೈಸೋನ ಮಣೆಯ ಮೇಲಿಟ್ಟು ಬಂದೆ. ಮೊದಲು ಸೀಸದ ಮೇಲೆ ಒಂದು ಏಟು ಹೊಡೆದು ಗುರುತು ಹೇಗೆ ಮೂಡಿದೆ ಎಂದು ಬೆನ್ನುಗಾರನಿಗೆ ತೋರಿಸುವುದು ವಾಡಿಕೆ. ನಾನು ಅದನ್ನು ನೋಡಲೂ ಇಲ್ಲ. ನೋಡುವುದೇನಿದೆ, ಗಮನವೆಲ್ಲ ನಾಳೆಯ ಮೇಲಿತ್ತು.

ಮೇ, ನೋನೆಯ ಹಿಂದಿನ ದಿನ

ನನ್ನ ಅಚ್ಚನ್ನು ಒಡೆದುಹಾಕಿದ್ದಾನೆ.

ನಾನು ಹೋಗುವಷ್ಟರಲ್ಲಿ ಜನ ಸೇರಿತ್ತು. ಅಚ್ಚಿನ ಮುಖ ಜಜ್ಜಿಹೋಗಿತ್ತು. ದೇವಿ ಇಲ್ಲ, ಕಡಿವಾಣ ಇಲ್ಲ, ಅಕ್ಷರ ಇಲ್ಲ. ಗುತ್ತಾನ ದೊಡ್ಡ ಸುತ್ತಿಗೆ ಪಕ್ಕದಲ್ಲಿ ಬಿದ್ದಿತ್ತು. ಲೈಸೋ ಕೈ ಕಟ್ಟಿಕೊಂಡು ನಿಂತಿದ್ದ.

"ಏನಾಯ್ತಯ್ಯ?" ಎಂದು ಹಿಲಾರಸ್ ಕೇಳಿದ.

"ಸುತ್ತಿಗೆ ಎತ್ತಿ ನೋಡ್ತಿದ್ದೆ. ಜಾರಿಬಿತ್ತು."

"ಮೂರು ಸಲ ಜಾರಿತೇನು?"

ಹಿಲಾರಸ್ ನನ್ನ ಕಡೆ ತಿರುಗಿದ. "ನೀನೇನಂತೀಯ?"

"ಹೊಟ್ಟೆಕಿಚ್ಚು" ಎಂದೆ. "ಇನ್ನೇನಿರುತ್ತೆ? ಅಣ್ಣನ ಕೆಲಸ ನೋಡಿ ತಡ್ಕೊಳ್ಳಕ್ಕಾಗಿಲ್ಲ."

ಲೈಸೋ ತಲೆ ತಗ್ಗಿಸಿದ. ಇಲ್ಲ ಎನ್ನಲಿಲ್ಲ. ಅಚ್ಚು ಕೆಡಿಸಿದವನಿಗೆ ಟಂಕಸಾಲೆಯಲ್ಲಿ ಮಣೆ ಇಲ್ಲ. ಮಧ್ಯಾಹ್ನದೊಳಗೆ ಅವನನ್ನು ಹೊರಗೆ ಹಾಕಿದರು. ಹೆಬ್ಬಾತುಗಳು ಬಾಗಿಲವರೆಗೆ ಹೋದವು.

ಮೇ, ನೋನೆ

ತಲೆ ನನ್ನದು. ಜೂನ್ ಆಗಲಿ, ಯಾವ ತಿಂಗಳಾಗಲಿ, ಇನ್ನು ಕೇಳುವವರಿಲ್ಲ.

ಮೇ, ಸತ್ತವರಿಗೆ ಅವರೆ ಎಸೆಯುವ ಹಬ್ಬ

ಕರಿ ಅವರೆ ಬೆನ್ನ ಹಿಂದಕ್ಕೆ ಎಸೆದು, ಹಿರಿಯರೇ ಹೊರಡಿ ಎಂದೆ. ಅಪ್ಪ ಹೊರಟಂತೆ ಅನ್ನಿಸಲಿಲ್ಲ.

ಲೈಸೋ ದಕ್ಷಿಣದ ಬಾಗಿಲ ಹತ್ತಿರ, ಗಾಡಿಗಳು ನಿಲ್ಲುವ ಛತ್ರದಲ್ಲಿದ್ದಾನಂತೆ. ತಾರೆಂತಮ್ ಕಡೆಗೆ ಉಣ್ಣೆ ಗಾಡಿ ಹೊರಟಾಗ ಹೋಗುತ್ತಾನಂತೆ. ಮಿರ್ತಾಲೆ ದಿನಾ ಅಲ್ಲಿಗೆ ಊಟ ಒಯ್ಯುತ್ತಾಳೆ. ಒಯ್ಯಬೇಡ ಎಂದೆ. "ನೀವು ಟಂಕಸಾಲೇಲಿ ಯಜಮಾನರು, ನನ್ನ ಪಾತ್ರೆಗಲ್ಲ" ಎಂದಳು.

ಇವತ್ತು ಅವಳು ಬಟ್ಟೆಯಲ್ಲಿ ಸುತ್ತಿದ ಒಂದು ವಸ್ತು ತಂದು ನನ್ನ ಮುಂದಿಟ್ಟಳು. ಅಪ್ಪನ ಉಳಿ.

"'ಅಣ್ಣನಿಗೆ ಕೊಡು ಅತ್ತಿಗೆ, ಅವನಿಗೆ ಇದರ ಮೇಲೆ ಆಸೆ ಇತ್ತು' ಅಂದ."

ಆಸೆ ಇತ್ತಂತೆ. ನನ್ನದು ಆಸೆ, ಅವನದು ದಾನ.

ಮೇ, ಐಡೆ ಕಳೆದು ಮೂರನೆಯ ದಿನ

ಎರಡು ದಿನದಿಂದ ಅಪ್ಪನ ಉಳಿಯಲ್ಲಿ ಕೆತ್ತುತ್ತಿದ್ದೇನೆ. ಆಗುತ್ತಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ಹೇಳುತ್ತಿಲ್ಲ. ನಿಜಕ್ಕೂ ಆಗುತ್ತಿಲ್ಲ. ಹಿಡಿಯಲ್ಲಿ ಹೆಬ್ಬೆರಳು ಕೂರುವ ಗುಳಿ ನನ್ನ ಹೆಬ್ಬೆರಳಿಗೆ ಸಿಗುವುದಿಲ್ಲ, ಆಚೆ ಬದಿಗಿದೆ. ಮೊನೆಯ ಓರೆಯೂ ಆಚೆ ಬದಿಗೆ. ಒತ್ತಿದರೆ ಪಕ್ಕಕ್ಕೆ ಜಾರುತ್ತದೆ. ದೇವಿಯ ಮೂಗಿನ ಮೇಲೆ ಗೀರು ಬಿತ್ತು.

ಸಿಟ್ಟಿನಲ್ಲಿ ಎಡಗೈಗೆ ಬದಲಾಯಿಸಿದೆ. ಹಿಡಿ ಅಂಗೈಯಲ್ಲಿ ಸುಮ್ಮನೆ ಹೋಗಿ ಕೂತಿತು.

ಅಪ್ಪ ಎಡಚ. ಜೀವಮಾನವೆಲ್ಲ ಅವನ ಹೆಬ್ಬೆರಳು ಸವೆಸಿದ ಗುಳಿ ಅದು. ಇಬ್ಬರು ಮಕ್ಕಳಲ್ಲಿ ಅದು ಹೊಂದುತ್ತಿದ್ದುದು ಒಬ್ಬನ ಕೈಗೆ. ಹೊಂದದ ಉಳಿಗಾಗಿ ನಾನು ಇಷ್ಟು ವರ್ಷ ಉರಿದೆ. ಅಪ್ಪ ಇದನ್ನು ಒಂದು ಮಾತು ಹೇಳಿ ಸಾಯಬಹುದಿತ್ತು. ಹೇಳಿದ್ದರೆ ನಾನು ಕೇಳುತ್ತಿದ್ದೆನೋ ಇಲ್ಲವೋ.

ಆದರೂ ಎಡಚನಾಗಿ ಹುಟ್ಟುವ ಅದೃಷ್ಟವೂ ಅವನಿಗೇ.

ಮೇ, ಐಡೆ ಕಳೆದು ಏಳನೆಯ ದಿನ

ಗುತ್ತಾ ಲೈಸೋನ ಮಣೆ ಸ್ವಚ್ಛ ಮಾಡುತ್ತಿದ್ದ. ಮಣೆಯ ಸಂದಿಯಲ್ಲಿ ಸಿಕ್ಕಿತು ಎಂದು ಒಂದು ಸೀಸದ ಬಿಲ್ಲೆ ತಂದುಕೊಟ್ಟ. "ನಿನ್ನ ದೇವಿ ಅಲ್ವೇನೋ ಇದು?" ಎಂದು ಕೂಗಿದ. ಅವನಿಗೆ ಓದಲು ಬರುವುದಿಲ್ಲ. ಪುಣ್ಯ.

ನನ್ನ ಕಡಿವಾಣದ ಅಚ್ಚಿನ ಮಾದರಿ ಅದು. ದೇವಿ ಚೆನ್ನಾಗಿದ್ದಾಳೆ. ಕಡಿವಾಣ ಚೆನ್ನಾಗಿದೆ. ಮುಸುಕಿನ ಹಿಂದೆ ರೋಮಾ ಇರಬೇಕಾದ ಕಡೆ ಆಮೋರ್ ಎಂದಿದೆ.

ನಾನು ಅಚ್ಚಿನ ಮೇಲೆ ನೆಟ್ಟಗೆ ಬರೆದಿದ್ದೆ. ಕಲಿಯಲು ಬಂದ ಮೊದಲ ವಾರದಲ್ಲಿ ಮಾಡುವ ತಪ್ಪು. ದಿನಾ ಈ ಸುರುಳಿಯಲ್ಲಿ ನೆಟ್ಟಗೆ ಬರೆದು ಬರೆದು ಕೈ ಕೆಟ್ಟಿತೋ, ತಮ್ಮನಿಗೆ ಗುಂಡಿ ತೋಡುವ ಸಂಭ್ರಮದಲ್ಲಿ ಕಣ್ಣು ಕೆಟ್ಟಿತೋ. ಇದು ಹಿಲಾರಸನ ಕೈಗೆ ಹೋಗಿದ್ದರೆ ಅವತ್ತೇ ತಲೆ ನನ್ನ ಕೈಬಿಡುತ್ತಿತ್ತು, ಊರು ತಿಂಗಳುಗಟ್ಟಲೆ ನಗುತ್ತಿತ್ತು. ಸುತ್ತಿಗೆ ಮೂರು ಸಲ ಜಾರಿದ್ದು ಇದಕ್ಕೆ. ಮೊದಲ ಏಟು ಅಕ್ಷರದ ಮೇಲೇ ಬಿದ್ದಿರಬೇಕು.

ಬಿಲ್ಲೆಯ ಹಿಂಬದಿಯಲ್ಲಿ ಲೈಸೋ ತನ್ನ ಉತ್ತರದ ಗೆರೆ ಹಾಕಿಟ್ಟಿದ್ದ. ಹೇಸರಗತ್ತೆ ಅಲ್ಲ. ಎರಡು ಟೊಪ್ಪಿಗೆ, ಒಂದೊಂದರ ಮೇಲೂ ಒಂದು ನಕ್ಷತ್ರ. ಕುದುರೆ ಸವಾರ ಅವಳಿ ದೇವರುಗಳ ಟೊಪ್ಪಿಗೆ. ಕಾಸ್ಟರ್, ಪೋಲಕ್ಸ್. ಅಣ್ಣತಮ್ಮ.

ಮೇ, ಮರುದಿನ

ಕೆಲಸಕ್ಕೆ ಹೋದೆ. ಬಂದೆ.

ಮೇ ಮುಗಿಯುವ ದಿನ

ಕಂಚಿನ ಹೊಸ ಅಚ್ಚು ತೆಗೆದುಕೊಂಡು ದೇವಿಯನ್ನು ಕೆತ್ತಿದೆ. ಗಲ್ಲದ ಕೆಳಗೆ ಯಾವ ಗುರುತೂ ಹಾಕಲಿಲ್ಲ. ಮುಸುಕಿನ ಹಿಂದೆ ನಾಲ್ಕು ಅಕ್ಷರವನ್ನು ನೆಟ್ಟಗೆ ಬರೆದೆ, ಬೇಕೆಂದೇ, ಬೀದಿ ಗೋಡೆಯ ಮೇಲೆ ಬರೆಯುವ ಹಾಗೆ. ಎಷ್ಟು ಕಷ್ಟವಾಯಿತು ಎಂದರೆ, ಈ ಸಲ ಕೈ ಪ್ರತಿ ಅಕ್ಷರಕ್ಕೂ ತಿರುಗಿಕೊಳ್ಳಲು ನೋಡುತ್ತಿತ್ತು. ಸೀಸದ ಮೇಲೆ ಹೊಡೆದು ಹಿಲಾರಸನ ಮುಂದಿಟ್ಟೆ. ಗುತ್ತಾ ತಂದುಕೊಟ್ಟ ಬಿಲ್ಲೆಯನ್ನು ಅದರ ಪಕ್ಕದಲ್ಲಿಟ್ಟೆ.

ಹಿಲಾರಸ್ ಒಂದನ್ನು ಓದಿದ, ಇನ್ನೊಂದನ್ನು ಓದಿದ.

"ಇದು ಜಜ್ಜಿಹೋದ ಅಚ್ಚಿಂದು" ಎಂದ.

"ಹೂಂ."

"ಇದು?"

"ಅದೇ ಕೈ. ನಂಬಲ್ಲ ಅಂತೀರೇನೋ ಅಂತ ಇನ್ನೊಂದು ಸಲ ಕೆತ್ತಿ ತಂದೆ."

"ಅವನಿಗೆ ಹೊಟ್ಟೆಕಿಚ್ಚು ಅಂದೆಯಲ್ಲಯ್ಯ?"

"ಮನೇಲಿ ಹೊಟ್ಟೆಕಿಚ್ಚು ಇತ್ತು. ಯಾರದು ಅನ್ನೋದು ತಪ್ಪಾಯ್ತು."

ಹಿಲಾರಸ್ ಬಿಲ್ಲೆಯನ್ನು ತಿರುಗಿಸಿ ಟೊಪ್ಪಿಗೆಗಳನ್ನು ನೋಡಿದ. "ಕಡಿವಾಣಕ್ಕೆ ಇದನ್ನ ಕೊಟ್ಟಿದ್ದಾನೆ. ನಾನಾಗಿದ್ರೆ ಹೇಸರಗತ್ತೆ ಅಂತಿದ್ದೆ" ಎಂದು ನನ್ನ ಮುಖವನ್ನೇ ನೋಡಿದ. ನಾನು ನೆಲ ನೋಡಿದೆ. ಅವನು ಮುಂದೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

"ಹೋಗಿ ಕರ್ಕೊಂಡು ಬಾ. ತಲೆ ಅವನಿಗೆ. ನಿನಗೆ ಬೆನ್ನು ಬೇಕಾದ್ರೆ ಇದೆ, ಬೇಡಾದ್ರೆ ಬಾಗಿಲಿದೆ."

ಜೂನ್, ಕಲೆಂಡೆ

ಊರೆಲ್ಲ ದೇವಿಯ ಗುಡಿಗೆ ಹತ್ತುತ್ತಿತ್ತು, ನಾನೊಬ್ಬ ಇಳಿಯುತ್ತಿದ್ದೆ. ಉಣ್ಣೆ ಗಾಡಿಗೆ ಎತ್ತು ಹೂಡಿ ಆಗಿತ್ತು. ಲೈಸೋ ಮೂಟೆಯ ಮೇಲೆ ಕೂತು ಈರುಳ್ಳಿ ತಿನ್ನುತ್ತಿದ್ದ.

"ಇಳಿ" ಎಂದೆ.

"ಅತ್ತಿಗೆಗೆ ಏನಾದ್ರೂ ಆಯ್ತಾ?"

"ಅವಳಿಗೇನಾಗುತ್ತೆ, ಕಲ್ಲುಗುಂಡಿನ ಹಾಗಿದ್ದಾಳೆ. ಹಿಲಾರಸ್ ಕರೀತಿದ್ದಾನೆ. ಸೀಸದ ಬಿಲ್ಲೆ ಸಿಕ್ಕಿತು."

ಅವನು ಅಗಿಯುವುದನ್ನು ನಿಲ್ಲಿಸಿದ. "ಕರಗಿಸಬೇಕು ಅಂತಿದ್ದೆ, ಮರೆತುಬಿಟ್ಟೆ. ಒಂದು ನಾಲ್ಕು ಅಕ್ಷರ ಅಣ್ಣ, ಅದಕ್ಯಾಕೆ..."

"ಕಡಿವಾಣಕ್ಕೆ ಟೊಪ್ಪಿಗೆ ಯಾಕೆ ಹಾಕಿದೆ?"

"ಮೊದಲು ಹೇಸರಗತ್ತೆಯ ಗೆರೆ ಎಳೆದಿದ್ದೆ, ಕೆರೆದುಹಾಕಿದೆ. ಅಣ್ಣ ಇಷ್ಟು ಸುಲಭದ್ದು ಕೇಳಲ್ಲ, ಇದರಲ್ಲಿ ಏನೋ ಇದೆ ಅನ್ನಿಸ್ತು. ತುಂಬ ಹೊತ್ತು ಯೋಚನೆ ಮಾಡಿದೆ. ಆಮೇಲೆ ನಮ್ಮಿಬ್ಬರನ್ನ ಕುರಿತು ಕೇಳ್ತಿದ್ದೀಯ ಅಂತ ಹೊಳೀತು. ಅಲ್ವಾ?"

ಅಲ್ಲ ಎಂದು ಹೇಳಬೇಕಿತ್ತು. ಬಾಯಿ ತೆರೆದೆ. ಹೇಸರಗತ್ತೆಯ ತಾತನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಯಾಕೆ ಕಡಿವಾಣ ಕೆತ್ತಿದೆ ಎಂಬುದನ್ನೂ. ಗಾಡಿಯವನು ಹೊರಡಲಾ ಎಂದು ಎರಡು ಸಲ ಕೇಳಿದ. ಲೈಸೋ ಈರುಳ್ಳಿಯ ಉಳಿದ ಭಾಗವನ್ನು ನೋಡುತ್ತ ಕೂತಿದ್ದ.

"ಒಳ್ಳೆ ಪ್ರಶ್ನೆ" ಎಂದ ಕೊನೆಗೆ. "ನನ್ನ ಉತ್ತರವೇ ಚೆನ್ನಾಗಿತ್ತು."

ಮೂಟೆಯಿಂದ ಇಳಿದ. ಬೆಟ್ಟದ ತುದಿಯಲ್ಲಿ ಹೆಬ್ಬಾತುಗಳು ಅವನ ಹತ್ತಿರ ಹೋದವು, ನನ್ನ ಕಡೆ ಬುಸುಗುಟ್ಟಿದವು. ಅಪ್ಪನ ಉಳಿಯನ್ನು ಅವನ ಸೊಂಟಕ್ಕೆ ನಾನೇ ಸಿಕ್ಕಿಸಿದೆ. ನನಗೆ ಅದರಲ್ಲಿ ಕೆತ್ತಲು ಬರುವುದಿಲ್ಲ ಎಂದು ಮಾತ್ರ ಹೇಳಲಿಲ್ಲ, ಅಷ್ಟು ಮರ್ಯಾದೆಯಾದರೂ ಬೇಡವೇ.

ಜೂನ್, ಐಡೆಯ ಹಿಂದಿನ ದಿನ

ಲೈಸೋ ಕೆತ್ತಿದ ದೇವಿಯನ್ನು ನೋಡಿದೆ. ಮೂಗು ನನ್ನದರಷ್ಟು ನೇರವಿಲ್ಲ. ಆದರೆ ತುಟಿಯಲ್ಲಿ ಏನೋ ಮಾಡಿದ್ದಾನೆ, ಈಗ ಮಾತಾಡುತ್ತಾಳೆ ಎನ್ನಿಸುತ್ತದೆ. ಹೊಟ್ಟೆ ಉರಿಯಿತು. ಇದೇನು ಇನ್ನೂ ಆರಿಲ್ಲ ಎಂದುಕೊಂಡೆ. ನನ್ನ ಕುದುರೆಗಳು ಕುರಿಗಳ ಹಾಗಿವೆ, ಗುತ್ತಾ ಅದನ್ನೂ ಕೂಗಿ ಹೇಳಿದ.

ಈಗ ಕೇಳುವವನು ಅವನು, ಉತ್ತರ ಕೊಡುವವನು ನಾನು. ಅವನ ಮೊದಲ ಪ್ರಶ್ನೆ ನಿನ್ನೆ ಬಂತು. ಗಲ್ಲದ ಕೆಳಗೆ ಒಂದು ಉಳಿ. ಹಿಡಿಯಲ್ಲಿ ಹೆಬ್ಬೆರಳಿನ ಗುಳಿ ಸಹ ಇದೆ.

"ಸುತ್ತಿಗೆ!" ಎಂದು ಗುತ್ತಾ ಅರಚಿದ. ನಮ್ಮ ಉಳಿಗೆ ಸುತ್ತಿಗೆ ತಾಗುವುದಿಲ್ಲ, ಅಂಗೈಯಿಂದ ಒತ್ತಿ ಕೊರೆಯುವ ಉಳಿ. ಊದುವವರು ಬಂದು ನಿಂತರು. ತಕ್ಕಡಿಯವನೂ ಬಂದ. ಎಲ್ಲ ನನ್ನ ಮಣೆಯ ಸುತ್ತ. ಹಿಂದೆ ಅವನ ಮಣೆಗೆ ಮುತ್ತಿದ್ದಷ್ಟೇ ಜನ, ಒಂದಿಬ್ಬರು ಹೆಚ್ಚೇ ಇರಬೇಕು.

ಎಲ್ಲರನ್ನೂ ಓಡಿಸಿ ಕೂತೆ. ಆ ಉಳಿಗೆ ಜೊತೆ ಒಂದೇ, ಎಡಗೈ. ನಾಣ್ಯದ ಮೇಲೆ ಎಡಗೈ ಮೂಡಬೇಕಾದರೆ ಅಚ್ಚಿನಲ್ಲಿ ಬಲಗೈ ಕೆತ್ತಬೇಕು. ಮಾದರಿಗೆ ಬೇರೆ ಯಾರ ಕೈಯನ್ನೂ ಹುಡುಕಬೇಕಾಗಲಿಲ್ಲ. ನಾಲ್ಕು ಗೆರೆ ಎಳೆಯುವುದು, ಕೆಲಸ ನಿಲ್ಲಿಸಿ ನನ್ನ ಬಲಗೈಯನ್ನೇ ತಿರುಗಿಸಿ ನೋಡಿಕೊಳ್ಳುವುದು, ಮತ್ತೆ ಎಳೆಯುವುದು. ಸಂಜೆಯ ಹೊತ್ತಿಗೆ ಮುಗಿಯಿತು. ಸೀಸದ ಮೇಲೆ ಹೊಡೆದೆ.

ಲೈಸೋ ಬಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದ. "ಅಪ್ಪನ ಕೈ" ಎಂದ.

ಹೌದು ಎಂದೆ.